ಮನೆಯ ರೂಟರು ಮಂದವಾಗುವುದೇಕೆ?

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಬೋಳೂರಿನಲ್ಲಿರುವ ಮಿತ್ರರೊಬ್ಬರ ಮನೆಗೆ ನಾವು ಹೋಗಿದ್ದೆವು. ಅವರ ಮಗಳು ಮೊಬೈಲಿನ ಮುಂದೆ ಕುಳಿತು ಉದ್ಯೋಗದ ಸಂದರ್ಶನದಲ್ಲಿ ಉತ್ತರ ಕೊಡುತ್ತಿದ್ದಳು. ಹತ್ತು ನಿಮಿಷ ಸರಾಗವಾಗಿ ನಡೆದ ಮಾತು ಒಮ್ಮೆಗೇ ತುಂಡುತುಂಡಾಯಿತು. ಆಕೆಯ ಉತ್ತರ ಅತ್ತ ಮುಟ್ಟುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಕೊನೆಗೆ ಸಂದರ್ಶನವನ್ನು ಎರಡು ದಿನ ಮುಂದಕ್ಕೆ ಹಾಕಿದರು. ತಂದೆ ಮಳೆಯನ್ನು ದೂರಿದರು. ಹೆಚ್ಚು ವೇಗದ ಸಂಪರ್ಕಕ್ಕೆ ಹಣ ಕಟ್ಟಲೂ ಸಿದ್ಧರಾದರು. ವಿಚಾರಿಸಿದಾಗ ತಿಳಿದದ್ದು ಬೇರೆ. ಅದೇ ಹೊತ್ತಿಗೆ ಒಳಕೋಣೆಯಲ್ಲಿ, ತಂತಿಯ ಮೂಲಕ ರೂಟರಿಗೆ ಜೋಡಿಸಿದ್ದ ಕಂಪ್ಯೂಟರು ಮದುವೆಯ ವೀಡಿಯೋ ಒಂದನ್ನು ಹೊರಗೆ ಕಳುಹಿಸುತ್ತಿತ್ತು.

ತಂತಿಯಲ್ಲಿ ಹೋಗುವ ವೀಡಿಯೋ ತಂತಿಯಿಲ್ಲದ ಮೊಬೈಲಿಗೆ ಅಡ್ಡ ಬರುವುದು ಹೇಗೆ? ಎರಡರ ಹಾದಿಯೂ ಬೇರೆಯಲ್ಲವೆ? ರೂಟರಿನವರೆಗೆ ಬೇರೆ, ನಿಜ. ಅಲ್ಲಿಂದ ಹೊರಕ್ಕೆ ಹಾದಿ ಒಂದೇ.

ಸುಲ್ತಾನ್ ಬತ್ತೇರಿಯ ಕಡವಿನಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಯಾವ ಬೀದಿಯಿಂದ ಬಂದವರೂ ಅದೇ ದೋಣಿಯನ್ನು ಹತ್ತಬೇಕು. ಇನ್ನೂರು ಮಂದಿಯ ದಿಬ್ಬಣವೊಂದು ಮುಂದೆ ನಿಂತಿದ್ದರೆ, ಒಂದು ಚೀಟಿಯನ್ನು ತಲಪಿಸಲು ಓಡಿಬಂದವನೂ ಅದರ ಬೆನ್ನಿಗೆ ಕಾಯಬೇಕು. ಕಟ್ಟೆಯನ್ನು ಎಷ್ಟು ಅಗಲಿಸಿದರೂ ದೋಣಿ ಬೇಗ ಹೋಗದು. ಕಾಯುವವರ ಸಾಲು ಬೆಳೆಯುವುದಷ್ಟೇ ಲಾಭ.

ರೂಟರಿನಲ್ಲಿ ಇಂಥ ಕಟ್ಟೆಯೊಂದಿದೆ. ಹೊರಡಬೇಕಾದ ಪ್ಯಾಕೆಟ್‌ಗಳು ಸರತಿಯಲ್ಲಿ ನಿಲ್ಲುವ ಈ ಸ್ಮೃತಿಭಾಗಕ್ಕೆ ಬಫರ್ ಎಂದು ಹೆಸರು. ಹೊರಹಾದಿಯಲ್ಲಿ ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗುತ್ತದೆಂದೂ, ಬಫರಿನಲ್ಲಿ ಒಂದು ಮೆಗಾಬೈಟ್, ಅಂದರೆ ೮೦ ಲಕ್ಷ ಬಿಟ್ ತುಂಬಿದೆಯೆಂದೂ ಇಟ್ಟುಕೊಳ್ಳೋಣ. ಕೊನೆಗೆ ಬಂದ ಪ್ಯಾಕೆಟ್ಟು ೦.೮ ಸೆಕೆಂಡು ಕಾಯಬೇಕಾಯಿತು. ಸಂಭಾಷಣೆ ಸಹಜವಾಗಿ ನಡೆಯಬೇಕಾದರೆ ಒಂದು ಕಡೆಯ ಪಯಣದ ವಿಳಂಬ ೧೫೦ ಮಿಲಿಸೆಕೆಂಡುಗಳನ್ನು ಮೀರಬಾರದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಇಲ್ಲಿ ಅದರ ಐದು ಪಟ್ಟಿಗಿಂತಲೂ ಹೆಚ್ಚು!

ಸರತಿ ಇಷ್ಟು ಬೆಳೆಯಲು ಬಿಡುವುದೇಕೆ? ೧೯೮೬ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ, ೪೦೦ ಗಜ ದೂರದ ಎರಡು ಸಂಸ್ಥೆಗಳ ನಡುವಣ ವೇಗ ಸೆಕೆಂಡಿಗೆ ೩೨,೦೦೦ ಬಿಟ್‌ಗಳಿಂದ ೪೦ ಬಿಟ್‌ಗಳಿಗೆ ಕುಸಿದಿತ್ತು. ಇದನ್ನು ಶೋಧಿಸಿದ ವ್ಯಾನ್ ಜೇಕಬ್ಸನ್ ೧೯೮೮ರಲ್ಲಿ ಪ್ರಕಟಿಸಿದ ಉಪಾಯದ ಸಾರವಿಷ್ಟು: ಪ್ಯಾಕೆಟ್ಟು ಕಳೆದುಹೋದರೆ ಹಾದಿ ತುಂಬಿದೆಯೆಂದು ತಿಳಿದು, ಕಳುಹಿಸುವ ಯಂತ್ರವು ತನ್ನ ವೇಗವನ್ನು ತಗ್ಗಿಸಬೇಕು. ಮುಂದೆ ಸ್ಮೃತಿ ಅಗ್ಗವಾಯಿತು. ಏನೂ ಕಳೆದುಹೋಗದಿರಲೆಂದು ತಯಾರಕರು ಬಫರುಗಳನ್ನು ಉದಾರವಾಗಿ ಹಿಗ್ಗಿಸಿದರು. ನಷ್ಟವೇ ಕಾಣದಿರುವಾಗ ಕಳುಹಿಸುವ ಯಂತ್ರ ತಗ್ಗುವುದೇಕೆ? ಅದು ಕಟ್ಟೆ ತುಂಬುವವರೆಗೂ ಸುರಿಯುತ್ತದೆ. ಜಿಮ್ ಗೆಟಿಸ್ ಎಂಬವರು ೨೦೧೦ರಲ್ಲಿ ತಮ್ಮ ಮನೆಯಲ್ಲೇ ಈ ರೋಗವನ್ನು ಗುರುತಿಸಿ, ಬಫರ್‌ಬ್ಲೋಟ್, ಅಂದರೆ ಬಫರಿನ ಊತ, ಎಂದು ಹೆಸರಿಟ್ಟರು.

ನಮ್ಮ ಮಿತ್ರರ ಮನೆಯಲ್ಲಿಯೂ ಇದೇ ರೋಗವೋ? ಊಹೆಗಿಂತ ಅಳತೆ ಲೇಸು. ಮೊಬೈಲಿನಿಂದ ‘ಪಿಂಗ್’ ಎಂಬ ಪುಟ್ಟ ಸಂದೇಶವನ್ನು ಮೊದಲು ರೂಟರಿಗೂ ಬಳಿಕ ಹೊರಗಿನ ಒಂದು ತಾಣಕ್ಕೂ ಕಳುಹಿಸಿ, ಮರುದನಿ ಬರುವ ಕಾಲವನ್ನು ನೋಡಿದೆವು. ಕಂಪ್ಯೂಟರು ವೀಡಿಯೋ ಕಳುಹಿಸುತ್ತಿರುವಾಗಲೂ ರೂಟರಿನ ಮರುದನಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಬಂದಿತು. ಹೊರಗಿನದು ಮುಕ್ಕಾಲು ಸೆಕೆಂಡು ಹಿಡಿಯಿತು. ಕಂಪ್ಯೂಟರನ್ನು ನಿಲ್ಲಿಸಿದೊಡನೆ ಹೊರಗಿನದೂ ಚುರುಕಾಯಿತು. ಮಳೆ ಮಾತ್ರ ಸುರಿಯುತ್ತಲೇ ಇತ್ತು!

ರೂಟರಿನ ಮರುದನಿಯೇ ತಡವಾಗಿದ್ದರೆ ದೋಷ ನಿಸ್ತಂತು ಹಾದಿಯಲ್ಲಿದೆಯೆಂದು ತಿಳಿಯಬೇಕಾಗಿತ್ತು. ನಮ್ಮೂರಿನ ಹಳೆಯ ಮನೆಗಳ ದಪ್ಪ ಮುರಕಲ್ಲಿನ ಗೋಡೆಗಳು ರೇಡಿಯೋ ಅಲೆಗಳನ್ನು ಚೆನ್ನಾಗಿ ತಡೆಯುತ್ತವೆ. ಗೋಡೆಯಾಚೆಯ ಮೊಬೈಲು ದುರ್ಬಲ ಸಂಜ್ಞೆಯಿಂದಾಗಿ ಸೆಕೆಂಡಿಗೆ ೬೦ ಲಕ್ಷ ಬಿಟ್‌ಗಳ ವೇಗಕ್ಕೆ ಇಳಿದರೆ, ೧೨,೦೦೦ ಬಿಟ್‌ಗಳ ಪ್ಯಾಕೆಟ್ಟಿಗೆ ಎರಡು ಮಿಲಿಸೆಕೆಂಡು ಬೇಕು. ೩೦ ಕೋಟಿ ಬಿಟ್‌ಗಳ ವೇಗದಲ್ಲಿರುವ ಯಂತ್ರಕ್ಕೆ ಅದರ ಐವತ್ತನೆಯ ಒಂದಂಶ ಸಾಕು. ಒಂದು ಚಾನೆಲಿನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕಾದುದರಿಂದ, ಮೆಲ್ಲಗೆ ಮಾತಾಡುವವನು ಎಲ್ಲರನ್ನೂ ಕಾಯಿಸುತ್ತಾನೆ. ಇದಕ್ಕೆ ರೂಟರನ್ನು ಮನೆಯ ನಡುವಿಗೆ ತರುವುದೇ ಮೊದಲ ಮದ್ದು.

ಸರತಿಯ ರೋಗಕ್ಕೆ ಮದ್ದು ಬೇರೆ. ಅದರ ಒಂದು ಬಗೆ ನಮ್ಮ ನೆರೆಯಲ್ಲಿಯೇ ಸಿದ್ಧವಾಯಿತೆಂಬುದು ಎಷ್ಟು ಮಂದಿಗೆ ಗೊತ್ತು? ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಮೋಹಿತ್ ಪಿ. ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ರಚಿಸಿದ ‘ಎಫ್‌ಕ್ಯೂ-ಪೈ’ ೨೦೨೦ರ ಮಾರ್ಚಿನಲ್ಲಿ ಹೊರಬಂದ ಲಿನಕ್ಸ್ ೫.೬ರಲ್ಲಿ ಸೇರಿತು. ಅದು ಒಂದೊಂದು ಸಂಭಾಷಣೆಗೂ ಬೇರೆ ಸಾಲು ಮಾಡಿ, ಪ್ರತಿ ಸಾಲಿನಿಂದಲೂ ಸರದಿಯಂತೆ ದೋಣಿ ಹತ್ತಿಸುತ್ತದೆ. ಯಾವ ಸಾಲಿನಲ್ಲಿ ವಿಳಂಬ ಬೆಳೆಯುತ್ತದೆಯೋ ಅಲ್ಲಿ ಲೆಕ್ಕಹಾಕಿ ಕೆಲವು ಪ್ಯಾಕೆಟ್‌ಗಳನ್ನು ಬೇಕೆಂದೇ ಕೈಬಿಡುತ್ತದೆ. ಕಳುಹಿಸುವವನು ತಗ್ಗಲು ಆ ಸೂಚನೆ ಸಾಕು. ಬಿಡುವುದರಿಂದಲೇ ಬೇಗ ತಲಪುವ ಈ ವಿಚಿತ್ರವನ್ನು ನಾವೂ ಮೊದಲು ನಂಬಿರಲಿಲ್ಲ.

ಮಿತ್ರರ ರೂಟರಿನಲ್ಲಿ ಇಂತಹ ಸೌಕರ್ಯವಿರಲಿಲ್ಲ. ಆದುದರಿಂದ ಕಂಪ್ಯೂಟರಿನ ತಂತ್ರಾಂಶದಲ್ಲಿಯೇ ಕಳುಹಿಸುವ ವೇಗಕ್ಕೆ ಮಿತಿ ಹಾಕಿ, ಹೊರಹಾದಿಯ ಮೂರರಲ್ಲೊಂದು ಪಾಲನ್ನು ಬರಿದಾಗಿ ಬಿಟ್ಟೆವು. ಹೊಸ ಸಂಪರ್ಕಕ್ಕೆ ಹಣ ಕಟ್ಟುವ ಮಾತು ಅಲ್ಲಿಗೆ ಬಿದ್ದುಹೋಯಿತು. ಎರಡನೆಯ ಸಂದರ್ಶನ ನಲವತ್ತು ನಿಮಿಷ ತಡೆಯಿಲ್ಲದೆ ನಡೆಯಿತು. ಮದುವೆಯ ವೀಡಿಯೋ ಹೋಗಿ ಮುಗಿಯುವಾಗ ಮಾತ್ರ ನಡುರಾತ್ರಿ ಕಳೆದಿತ್ತು.