ಎತ್ತುವುದಲ್ಲ, ತೋರಿಸುವುದು

ಲೇಪಾಕ್ಷಿ, ಹಿಂದೂಪುರದ ಕಡೆಯ ಹುಡುಗರು ಜಿಮ್ಮಿಗೆ ಸೇರಿದ ದಿನವೇ ಕೇಳುತ್ತಾರೆ: "ಅಣ್ಣಾ, ಎಷ್ಟು ಕೆಜಿ ಎತ್ತಿದರೆ ಗೆಲ್ತೀವಿ?" ದೇಹದಾರ್ಢ್ಯ ಸ್ಪರ್ಧೆಯಲ್ಲಿ ಯಾರೂ ಏನೂ ಎತ್ತುವುದಿಲ್ಲ ಎಂದರೆ ನಂಬುವುದಿಲ್ಲ. ಮೊದಲು ತೂಕ ಇಲ್ಲವೇ ಎತ್ತರ ನೋಡಿ ವರ್ಗ ನಿಗದಿ. ವೇದಿಕೆಯಲ್ಲಿ ಏಳು ಕಡ್ಡಾಯ ಭಂಗಿ. ಬೆನ್ನು ತಿರುಗಿಸಿ ತೋಳು ಮಡಚಿದಾಗ ಎಷ್ಟೋ ಜನರ ಬಂಡವಾಳ ಬಯಲು: ಎದೆ ಭರ್ಜರಿ, ಮೀನಖಂಡ ಮಾತ್ರ ಸೊನ್ನೆ! ತೀರ್ಪುಗಾರರು ಒಂದು, ಎರಡು ಎಂದು ಸ್ಥಾನ ಕೊಡುತ್ತಾರೆ. ಕೂಡಿದಾಗ ಕಡಿಮೆ ಬಂದವನೇ ಗೆದ್ದ. ಎತ್ತರ ಇಲ್ಲವೆಂಬ ಚಿಂತೆಯೂ ಬೇಡ: 1952ರಲ್ಲಿ ಗಿಡ್ಡರ ವರ್ಗದಲ್ಲಿ ಮಿಸ್ಟರ್ ಯೂನಿವರ್ಸ್ ಆದ ಬಂಗಾಳದ ಮನೋಹರ ಐಚ್ ಐದಡಿಯೂ ಇರಲಿಲ್ಲ.

ವೃತ್ತಿಪರನಾಗಲು ಅಮೆಚೂರ್ ಸ್ಪರ್ಧೆಗಳಲ್ಲಿ ಗೆದ್ದು 'ಪ್ರೊ ಕಾರ್ಡ್' ಪಡೆಯಬೇಕು. ವೃತ್ತಿಪರ ಸ್ಪರ್ಧೆಗಳ ತುತ್ತತುದಿ, 1965ರಲ್ಲಿ ಶುರುವಾದ ಮಿಸ್ಟರ್ ಒಲಿಂಪಿಯಾ. ದುಡ್ಡಿರುವುದು ಅಲ್ಲಿ, ನಮ್ಮೂರ ಕಡೆ ಟ್ರೋಫಿ, ಹಾರವೇ ಹೆಚ್ಚು.

ಸ್ನಾಯುಗೆರೆ ಕಾಣಲೆಂದು ನೀರು ಕುಡಿಯುವುದನ್ನೇ ಬಿಡುವುದು, ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಮಾತ್ರ ಬೇಡ ಕಣ್ರಪ್ಪಾ. ಕಿಡ್ನಿ, ಹೃದಯ ಎರಡಕ್ಕೂ ಏಟು.