ಕ್ಯಾಮೆರಾ ಅಂಗಡಿಗೆ ಅವಸರ ತರವೇ?

ಹಾಲು, ತರಕಾರಿಯ ಜೊತೆಗೆ ಮೊಬೈಲು, ಇಯರ್‌ಫೋನುಗಳೂ ಇಂದು ಬೆಂಗಳೂರಿನ ಮನೆಬಾಗಿಲಿಗೆ ಕೆಲವೇ ನಿಮಿಷಗಳಲ್ಲಿ ಬರುತ್ತಿವೆ. ಬಡಾವಣೆಯ ಕ್ಯಾಮೆರಾ ಅಂಗಡಿಯೂ ಈ ಓಟಕ್ಕೆ ಇಳಿಯಬೇಕೆ? ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಆಯಸ್ಸು ಸವೆಸಿದ ನನ್ನ ಉತ್ತರ: ಇಳಿಯಲಿ, ಆದರೆ ಎಲ್ಲ ಸರಕಿಗೂ ಅಲ್ಲ.

ಧಾರೆಯ ಹೊತ್ತಿಗೆ ಮೆಮೊರಿ ಕಾರ್ಡ್ ಕೈಕೊಟ್ಟರೆ ಛಾಯಾಗ್ರಾಹಕನಿಗೆ ನಾಳೆ ಬರುವ ಕಾರ್ಡಿನಿಂದ ಪ್ರಯೋಜನವಿಲ್ಲ. ಮುಹೂರ್ತ ಅವನಿಗಾಗಿ ಕಾಯದು. ಕಾರ್ಡು, ಬ್ಯಾಟರಿ, ಚಾರ್ಜರುಗಳನ್ನು ಒಂದೆರಡು ಗಂಟೆಯೊಳಗೆ ತಲುಪಿಸುವುದು ಹತ್ತಿರದ ಅಂಗಡಿಗೆ ಸಾಧ್ಯ. ಅದಕ್ಕೆ ತಕ್ಕ ಶುಲ್ಕ ತೆರಲು ಅಂಥ ಗ್ರಾಹಕ ಹಿಂಜರಿಯುವುದಿಲ್ಲ.

ಕ್ಯಾಮೆರಾ, ಲೆನ್ಸುಗಳ ಮಾತೇ ಬೇರೆ. ಅವನ್ನು ಕೈಯಲ್ಲಿ ಹಿಡಿದು, ತಿಳಿದವರನ್ನು ಕೇಳಿ ಕೊಳ್ಳಬೇಕು. ಆ ಸಲಹೆಯೇ ಅಂಗಡಿಯ ನಿಜವಾದ ಬಂಡವಾಳ. ಒಂದೆಡೆ ಪುಕ್ಕಟೆ ಸಲಹೆ ಪಡೆದು ಇನ್ನೊಂದೆಡೆ ಅಗ್ಗಕ್ಕೆ ಕೊಳ್ಳುವ ಪ್ರವೃತ್ತಿಯನ್ನು ಅರ್ಥಶಾಸ್ತ್ರಜ್ಞ ಲೆಸ್ಟರ್ ಟೆಲ್ಸರ್ 1960ರಲ್ಲೇ ವಿಶ್ಲೇಷಿಸಿದ್ದರು. ಸಲಹೆ ಬಿಟ್ಟು ವೇಗದಲ್ಲಷ್ಟೇ ಪೈಪೋಟಿಗಿಳಿದರೆ ಸಣ್ಣ ಅಂಗಡಿ ಸೋಲುವುದು ಖಚಿತ. ದೊಡ್ಡ ಹೂಡಿಕೆದಾರರ ಬೆಂಬಲವಿದ್ದ ಬೆಂಗಳೂರಿನ ಡಂಜೊ ಕೂಡ 2025ರಲ್ಲಿ ಸೇವೆ ನಿಲ್ಲಿಸಬೇಕಾಯಿತು.

ವೇಗದ ಬೆಲೆಯನ್ನು ಯಾರಾದರೂ ತೆರಲೇಬೇಕು. ವಾಹನ ದಟ್ಟಣೆಯ ನಡುವೆ ಬೈಕ್ ಓಡಿಸುವ ಹುಡುಗ ಅದನ್ನು ಪ್ರಾಣ ಪಣಕ್ಕಿಟ್ಟು ತೆರುವಂತಾಗಬಾರದು. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ತಂದ ಕಾಯ್ದೆ, ಅವರಿಗೆ ಸಲ್ಲುವ ಪಾವತಿಯ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅವಕಾಶ ನೀಡಿದೆ. ಅಂಗಡಿಗಳೂ ನಿಮಿಷ ಎಣಿಸುವ ಭರವಸೆ ಬಿಟ್ಟು, ಸಾಗಣೆ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಲಿ. ತುರ್ತು ಯಾವುದು, ಬರೀ ಅವಸರ ಯಾವುದು ಎಂಬ ವಿವೇಚನೆ ಗ್ರಾಹಕರಾದ ನಮಗೂ ಇರಬೇಕು.