ಓಡಿ ಆಡಲಿ, ಬಿದ್ದು ಏಳಲಿ

"ಡಾಕ್ಟ್ರೇ, ಇವನ ಕಾಲಿಗೆ ಶಕ್ತಿಯೇ ಇಲ್ಲ. ಒಂದು ಒಳ್ಳೆಯ ಟಾನಿಕ್ ಬರೆದುಕೊಡಿ."

ಮೂರೂವರೆ ವರ್ಷದ ಮಗನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದ ತಾಯಿಯ ಮಾತಿದು. ಹುಡುಗ ಮೆಟ್ಟಿಲು ಹತ್ತಲು ಹೆದರುತ್ತಾನೆ, ನಾಲ್ಕು ಹೆಜ್ಜೆ ಓಡಿದರೆ ಮುಗ್ಗರಿಸುತ್ತಾನೆ. ನರ್ಸರಿಯಲ್ಲಿ ಉಳಿದ ಮಕ್ಕಳು ಜಾರುಬಂಡೆ ಹತ್ತುವಾಗ ಇವನು ಮೂಲೆ ಹಿಡಿದು ನಿಲ್ಲುತ್ತಾನೆ. ಜೊತೆಗೆ ಬಂದಿದ್ದ ಅಜ್ಜಿಗೆ ಬೇರೆಯೇ ಭಯ. "ನರದ ಕಾಯಿಲೆ ಏನಾದರೂ ಇದ್ದೀತೇ?" ಎಂದು ಮೆಲ್ಲಗೆ ಕೇಳಿದರು.

ಹುಡುಗನನ್ನು ನೆಲದ ಮೇಲೆ ಕೂರಿಸಿ ಏಳಲು ಹೇಳಿದೆ. ತೊಡೆಗೆ ಕೈ ಊರದೆ ಸಲೀಸಾಗಿ ಎದ್ದ. ಸ್ನಾಯುಗಳ ಬಲ, ಮೂಳೆ, ತೂಕ, ಎತ್ತರ ಎಲ್ಲವೂ ಸರಿಯಾಗಿದ್ದವು. ದಿನಚರಿ ಕೇಳಿದಾಗ ಕಾರಣ ತಿಳಿಯಿತು. ವಾಸ ಮೂರನೆಯ ಮಹಡಿಯಲ್ಲಿ. ನರ್ಸರಿಗೆ ಆಟೋ, ಅಂಗಡಿಗೆ ಹೋದರೆ ಅಪ್ಪನ ಹೆಗಲು, ಮನೆಯಲ್ಲಿ ಟಿ.ವಿ. ಮತ್ತು ಮೊಬೈಲ್. ಬಿದ್ದಾನೆಂಬ ಭಯದಿಂದ ಯಾರೂ ಅವನನ್ನು ಕೆಳಗೆ ಬಿಟ್ಟೇ ಇರಲಿಲ್ಲ. ಹುಡುಗನಿಗೆ ಕಾಯಿಲೆ ಇರಲಿಲ್ಲ, ಅಭ್ಯಾಸ ಸಾಲದಾಗಿತ್ತು.

ಮೈ ಕಲಿಯುವ ಪಾಠ

ಕತ್ತು ನಿಲ್ಲಿಸುವುದು, ಕೂರುವುದು, ನಡೆಯುವುದು, ಓಡುವುದು, ಹಾರುವುದು, ಹತ್ತುವುದು ಇವೆಲ್ಲ ಕತ್ತು, ಬೆನ್ನು, ಸೊಂಟ, ಕೈಕಾಲುಗಳ ದೊಡ್ಡ ಸ್ನಾಯುಗಳ ಕೆಲಸ. ಆದರೆ ಸ್ನಾಯುಗಳಲ್ಲಿ ಬಲವಿದ್ದರಷ್ಟೇ ಸಾಲದು. ಕಣ್ಣು, ಒಳಕಿವಿ ಮತ್ತು ಕೀಲುಗಳಿಂದ ಬರುವ ಸುದ್ದಿಯನ್ನು ಮಿದುಳು ಕೂಡಿಸಿಕೊಂಡು, ಯಾವ ಸ್ನಾಯು ಎಷ್ಟು ಬಿಗಿಯಬೇಕು, ಯಾವುದು ಸಡಿಲಿಸಬೇಕು ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸಬೇಕು. ಸೈಕಲ್ ಕಲಿಯುವವರಂತೆ ಮಗುವೂ ತಪ್ಪಿ, ತಿದ್ದಿಕೊಂಡು, ನೂರಾರು ಬಾರಿ ಮಾಡಿಯೇ ಇದನ್ನು ಕಲಿಯಬೇಕು. ಇದನ್ನು ಕಲಿಸುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, 1ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಟ್ಟು 3 ಗಂಟೆಯಾದರೂ ಮೈ ಅಲುಗಿಸಿ ಆಡಬೇಕು. ಮೂರು ವರ್ಷ ತುಂಬಿದವರಾದರೆ ಅದರಲ್ಲಿ 1 ಗಂಟೆಯಾದರೂ ಏದುಸಿರು ಬರುವಷ್ಟು ಚುರುಕಿನ ಆಟವಿರಬೇಕು. ಇಷ್ಟನ್ನೂ ಒಂದೇ ಸಲ ಆಡಬೇಕಾಗಿಲ್ಲ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಆಡಿದರೂ ಲೆಕ್ಕ ತುಂಬುತ್ತದೆ.

ಯಾವ ವಯಸ್ಸಿಗೆ ಯಾವ ಆಟ?

ಒಂದು ವರ್ಷದೊಳಗೆ: ಎಚ್ಚರವಾಗಿದ್ದಾಗ ಮಗುವನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಎದುರಿಗೆ ನೀವೂ ಮಲಗಿ ಮಾತನಾಡಿಸಿ. ಒಮ್ಮೆಗೆ ಎರಡು ಮೂರು ನಿಮಿಷದಿಂದ ತೊಡಗಿ, ದಿನಕ್ಕೆ ಒಟ್ಟು ಅರ್ಧ ಗಂಟೆಯವರೆಗೆ ಹೆಚ್ಚಿಸಿ. ಕತ್ತು ಮತ್ತು ಬೆನ್ನು ಬಲಿಯುವುದು ಹೀಗೆಯೇ. ನಿದ್ದೆ ಮಾಡಿಸುವಾಗ ಮಾತ್ರ ಅಂಗಾತ ಮಲಗಿಸಬೇಕು. ಮುಂದೆ ಗಿಲಕಿಯನ್ನು ಕೈಗೆಟುಕದಷ್ಟು ದೂರ ಇಟ್ಟರೆ ಮಗು ತೆವಳಲು, ಅಂಬೆಗಾಲಿಡಲು ಹವಣಿಸುತ್ತದೆ. ಕೆಲವು ಮಕ್ಕಳು ಅಂಬೆಗಾಲಿಡದೆ ನೇರವಾಗಿ ಎದ್ದು ನಡೆಯುವುದೂ ಉಂಟು.

ಒಂದರಿಂದ ಎರಡೂವರೆ ವರ್ಷ: ಈಗ ತಳ್ಳುವುದು, ಎಳೆಯುವುದು, ಹತ್ತುವುದು ಮಗುವಿಗೆ ಬಲು ಇಷ್ಟ. ಚನ್ನಪಟ್ಟಣದ ಮರದ ತಳ್ಳುಗಾಡಿ ಇದ್ದರೆ ಸರಿ, ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆಗೆ ದಾರ ಕಟ್ಟಿಕೊಟ್ಟರೂ ಸಾಕು. ದಿಂಬುಗಳನ್ನು ನೆಲದ ಮೇಲೆ ಹಾಸಿ ಬೆಟ್ಟ ಮಾಡಿ. ಎರಡು ಕುರ್ಚಿಗಳ ಮೇಲೆ ಹಳೆಯ ಸೀರೆ ಹೊದಿಸಿದರೆ ತೂರಿಕೊಂಡು ಹೋಗಲು ಗುಹೆಯಾಯಿತು. ಚೆಂಡನ್ನು ಒದೆಯಲು ಬಿಡಿ. ನಿಮ್ಮ ಕೈಹಿಡಿದು ಮೆಟ್ಟಿಲು ಹತ್ತಿ ಇಳಿಯಲಿ.

ಎರಡೂವರೆಯಿಂದ ಐದು ವರ್ಷ: ಸೀಮೆಸುಣ್ಣದಿಂದ ಒಂದು ಗೆರೆ ಎಳೆದು 'ಕೆರೆ-ದಡ' ಆಡಿಸಿ. 'ಕೆರೆ' ಎಂದರೆ ಗೆರೆಯೊಳಕ್ಕೆ, 'ದಡ' ಎಂದರೆ ಹೊರಕ್ಕೆ ಹಾರಬೇಕು. ಕಾಲಿಗೂ ಕಿವಿಗೂ ಒಟ್ಟಿಗೆ ಕೆಲಸ. ಅದೇ ಗೆರೆಯ ಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ನಡೆದರೆ ಸಮತೋಲನ ಬರುತ್ತದೆ. ಕಪ್ಪೆಯಂತೆ ಕುಪ್ಪಳಿಸುವುದು, ಏಡಿಯಂತೆ ಅಡ್ಡಡ್ಡ ನಡೆಯುವುದು, ಕಣ್ಣಾಮುಚ್ಚಾಲೆ, ಮೂರು ಚಕ್ರದ ಸೈಕಲ್ ಎಲ್ಲವೂ ಒಳ್ಳೆಯವೇ. ಒಂಟಿ ಕಾಲಿನಲ್ಲಿ ಕುಂಟುವುದು ಸಾಮಾನ್ಯವಾಗಿ ನಾಲ್ಕು ವರ್ಷದ ಹೊತ್ತಿಗೆ ಬರುತ್ತದೆ. ಆಮೇಲೆ ಕುಂಟಾಬಿಲ್ಲೆ ಕಲಿಸಬಹುದು. ಚೊಂಬಿನಲ್ಲಿ ಅರ್ಧ ನೀರು ಹಿಡಿದು ಚೆಲ್ಲದಂತೆ ಗಿಡಕ್ಕೆ ಒಯ್ಯುವುದೂ ಮಗುವಿಗೆ ಆಟವೇ.

ವಾಕರ್ ಬೇಡ

ನಾಮಕರಣಕ್ಕೋ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬರುವ ಗಾಲಿಯ ವಾಕರ್‌ನಲ್ಲಿ ಮಗುವನ್ನು ಕೂರಿಸಬೇಡಿ. ಅದರಿಂದ ಮಗು ಬೇಗ ನಡೆಯುವುದಿಲ್ಲ. ತುದಿಗಾಲಿನಲ್ಲಿ ತಳ್ಳುವುದನ್ನು ಕಲಿಯುತ್ತದೆಯೇ ಹೊರತು ತನ್ನ ಭಾರ ತಾನೇ ಹೊರುವುದನ್ನು ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವ ಅಪಾಯ ಬೇರೆ. ಕೆನಡಾ ದೇಶ 2004ರಲ್ಲೇ ಇದನ್ನು ನಿಷೇಧಿಸಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಟಿ.ವಿ., ಮೊಬೈಲ್ ಬೇಡವೇ ಬೇಡ. ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ.

ಬೀಳುವ ಭಯ

"ಬಿದ್ದರೆ?" ಎಂದು ನೀವು ಕೇಳಬಹುದು. ಬೀಳುತ್ತಾರೆ, ಮಂಡಿ ತರಚುತ್ತದೆ. ಸೋಪು ನೀರಿನಿಂದ ತೊಳೆದರೆ ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ. ಪ್ರಾಣಕ್ಕೆ ಸಂಚಕಾರ ತರುವ ಜಾಗಗಳ ಬಗ್ಗೆ ಮಾತ್ರ ರಾಜಿ ಬೇಡ. ಮುಚ್ಚಳವಿಲ್ಲದ ಸಂಪು, ನೀರು ತುಂಬಿದ ಬಕೆಟ್, ಅಡ್ಡಗೋಡೆಯಿಲ್ಲದ ತಾರಸಿ, ಬಾಲ್ಕನಿಯ ಪಕ್ಕದ ಕುರ್ಚಿ, ವಾಹನ ಓಡಾಡುವ ರಸ್ತೆ ಇಂಥವು. ಇವುಗಳಿಂದ ಮಗುವನ್ನು ದೂರವಿಟ್ಟು, ಉಳಿದ ಕಡೆ ಕಣ್ಣಿಟ್ಟುಕೊಂಡು ಆಡಲು ಬಿಡಿ.

ವೈದ್ಯರಿಗೆ ತೋರಿಸಬೇಕಾದದ್ದು ಯಾವಾಗ?

ಎಲ್ಲ ಮಕ್ಕಳೂ ಒಂದೇ ತಿಂಗಳಲ್ಲಿ ನಡೆಯುವುದಿಲ್ಲ. ಪಕ್ಕದ ಮನೆಯ ಮಗು ಹತ್ತನೇ ತಿಂಗಳಿಗೆ ನಡೆಯಿತೆಂದು ನೀವು ಗಾಬರಿಯಾಗಬೇಕಿಲ್ಲ. ಆದರೆ ಕೆಳಗಿನ ಲಕ್ಷಣಗಳಿದ್ದರೆ, ಆಟವಾಡಿಸಿದರೆ ಸರಿಹೋದೀತು ಎಂದು ಕಾಯಬೇಡಿ:

* 4 ತಿಂಗಳಾದರೂ ಕತ್ತು ನಿಲ್ಲದಿರುವುದು, 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು, 18 ತಿಂಗಳಾದರೂ ನಡೆಯದಿರುವುದು.
* ಒಂದೇ ಕಡೆಯ ಕೈ ಅಥವಾ ಕಾಲನ್ನು ಮಾತ್ರ ಬಳಸುವುದು.
* ಮೈ ತೀರಾ ಬಿಗಿಯಾಗಿ ಅಥವಾ ತೀರಾ ಸಡಿಲವಾಗಿರುವುದು, ಸದಾ ತುದಿಗಾಲಿನಲ್ಲೇ ನಡೆಯುವುದು.
* ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಮೈಮೇಲೆ ತಾನೇ ಹತ್ತಿದಂತೆ ಏಳುವುದು. ಇದು ಸ್ನಾಯುಕ್ಷಯದ ಚಿಹ್ನೆಯಾಗಿರಬಹುದು. ಅದರ ಮುಖ್ಯ ಬಗೆಯೊಂದು ಬಹುಮಟ್ಟಿಗೆ ಗಂಡುಮಕ್ಕಳಲ್ಲೇ ಕಾಣಿಸುತ್ತದೆ.
* ಕಲಿತದ್ದನ್ನು ಮಗು ಮರೆಯುತ್ತಾ ಹೋಗುವುದು.

"ಇವರಪ್ಪನೂ ತಡವಾಗಿಯೇ ನಡೆದದ್ದು" ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ರಿಕೆಟ್ಸ್‌ನಂಥ ಕೆಲವು ಕಾರಣಗಳಿಗೆ ಸುಲಭ ಚಿಕಿತ್ಸೆಯಿದೆ. ಉಳಿದವುಗಳಲ್ಲಿ ಫಿಸಿಯೋಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಉಚಿತ ಚಿಕಿತ್ಸೆಗಾಗಿ ಕಳುಹಿಸುತ್ತಾರೆ.

ಆ ಹುಡುಗನಿಗೆ ನಾನು ಬರೆದುಕೊಟ್ಟ ಚೀಟಿಯಲ್ಲಿ ಮೂರೇ ಸಾಲುಗಳಿದ್ದವು: ದಿನವೂ ಸಂಜೆ ಒಂದು ಗಂಟೆ ಹೊರಗೆ ಆಟ, ಮಹಡಿ ಹತ್ತುವಾಗ ಕೈ ಹಿಡಿದುಕೊಂಡು ಸ್ವಂತ ಕಾಲಿನ ನಡಿಗೆ, ಮಲಗುವ ಮುನ್ನ ಅಜ್ಜಿಯೊಡನೆ ಕೆರೆ-ದಡ. ಅಜ್ಜಿ ನಕ್ಕರು. ಎರಡು ತಿಂಗಳ ನಂತರ ನೆಗಡಿಯೆಂದು ಬಂದಾಗ, ಕ್ಲಿನಿಕ್ಕಿನ ಮೆಟ್ಟಿಲುಗಳನ್ನು ಅವನೇ ಹತ್ತಿ ಬಂದ. ಮಂಡಿಯ ಮೇಲೊಂದು ಒಣಗಿದ ಗಾಯವಿತ್ತು. ಅದನ್ನು ನನಗೆ ಹೆಮ್ಮೆಯಿಂದ ತೋರಿಸಿದ.